ಮಗು ನೋಡಲು ಬಂದ ನರ್ಸಮ್ಮ

ಇಲ್ಲಿ ಅಮೆರಿಕದಲ್ಲಿ ಮಗುವನ್ನು ತೋರಿಸಲು ಹೋದಾಗ ಡಾಕ್ಟರ ಬದಲು ನರ್ಸ್ ಪ್ರಾಕ್ಟೀಷನರ್ ಬಂದರೆ ನಮ್ಮವರ ಮುಖ ಸಪ್ಪೆಯಾಗುತ್ತದೆ. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟಾ ಫೋರ್ಡ್, ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಈ ತರಬೇತಿ ಶುರುಮಾಡಿದ್ದೇ ಮಕ್ಕಳ ಆರೈಕೆಗೆಂದು. ಇವರು ರೋಗ ಗುರುತಿಸಬಹುದು, ಔಷಧಿ ಬರೆಯಬಹುದು. ಕೆಲವು ರಾಜ್ಯಗಳಲ್ಲಿ ಅದಕ್ಕೆ ವೈದ್ಯರೊಂದಿಗೆ ಒಪ್ಪಂದವಿರಬೇಕು.

ಹೋದ ವರ್ಷ ನಾಲ್ಕು ದಿನದ ಕೂಸು, ಬಾಣಂತಿ, ಊರಿಂದ ಬಂದಿದ್ದ ಅವಳ ತಾಯಿ, ಮೂವರನ್ನೂ ಕಾರಿನಲ್ಲಿ ಕರೆದೊಯ್ದಿದ್ದೆ. "ದೊಡ್ಡ ಡಾಕ್ಟ್ರು ಬರಲ್ವೇನಮ್ಮ?" ಎಂದರು ಅಜ್ಜಿ. ನರ್ಸಮ್ಮ ಕೂಸಿನ ಬಟ್ಟೆ ಬಿಚ್ಚಿ ಕಣ್ಣು, ಒಸಡು ನೋಡಿದರು. ಕಂದು ಮೈಯಲ್ಲಿ ಕಾಮಾಲೆ ಸುಲಭಕ್ಕೆ ಕಾಣದು ಎಂದು ಬಿಲಿರುಬಿನ್ ಪರೀಕ್ಷೆ ಬರೆದರು. ಆಮೇಲೆ, ಹಾಲಲ್ಲದೆ ಬೇರೇನಾದರೂ ಕೊಟ್ಟಿರಾ ಎಂದು ಕೇಳಿದರು. ಮಗಳು ಇಲ್ಲವೆಂದಳು. ನಾನು ಅದನ್ನೇ ಕನ್ನಡದಲ್ಲಿ ಕೇಳಿದಾಗ ಅಜ್ಜಿ ಪಿಸುಗುಟ್ಟಿದರು: "ಬಜೆ ತೇದು ಜೇನಲ್ಲಿ ನೆಕ್ಕಿಸಿದೀನಿ. ಹೇಳ್ಬೇಡ ತಾಯಿ."

ಹೇಳಿಬಿಟ್ಟೆ. ಅಜ್ಜಿಗೆ ದ್ರೋಹ ಮಾಡಿದ ಹಾಗಾಯಿತು, ನಿಜ. ನರ್ಸಮ್ಮ ಗದರಲಿಲ್ಲ. ವರ್ಷ ತುಂಬದ ಕೂಸಿಗೆ ಜೇನಿನಿಂದ ಬಾಟುಲಿಸಂ ಬಂದು ಉಸಿರಾಟವೇ ಕಷ್ಟವಾಗಬಹುದು. ಮಲ ಕಟ್ಟಿದರೆ, ಅಳು ಕ್ಷೀಣಿಸಿದರೆ, ಚೀಪುವ ಶಕ್ತಿ ಕುಂದಿದರೆ ತಕ್ಷಣ ಬನ್ನಿ ಎಂದರು.

ಪುಣ್ಯಕ್ಕೆ ಏನೂ ಆಗಲಿಲ್ಲ. ಮುಂದಿನ ಭೇಟಿಗೆ ಅಜ್ಜಿ ಬಜೆಯ ಕೊಂಬನ್ನೇ ಚೀಲದಲ್ಲಿ ತಂದಿದ್ದರು, ಇದನ್ನಾದರೂ ಕೊಡಬಹುದಾ ಎಂದು ಕೇಳಲು. "ಆರು ತಿಂಗಳು ಹಾಲೊಂದೇ" ಎಂದರು ನರ್ಸಮ್ಮ, ನಗುತ್ತಲೇ.