ಕಪ್ಪಾದ ಪ್ಲಗ್ಗಿನ ದೂರು



ನಮ್ಮಲ್ಲಿ ಎಷ್ಟೋ ಮಂದಿಗೆ ಮೋಟಾರ್ ಸೈಕಲ್ಲೇ ಅನ್ನದ ದಾರಿ. ಅದು ನಿಂತರೆ ಆ ದಿನದ ಕೂಲಿ ಹೋದಂತೆಯೇ. ಆದ್ದರಿಂದ ಮೆಕ್ಯಾನಿಕ್ಕನಾದ ನಾನು ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ಮನೆಮನೆಗೆ ಸಾಮಾನು ಮುಟ್ಟಿಸುವ ತಮ್ಮನೊಬ್ಬನ ಹಳೆಯ ಗಾಡಿ ಪದೇ ಪದೇ ನಿಲ್ಲುತ್ತಿತ್ತು. ಪ್ಲಗ್ಗು ಬಿಚ್ಚಿದರೆ ಬರೀ ಒಣ ಮಸಿ. ಹೊಸದು ಹಾಕಿ ದುಡ್ಡು ತೆಗೆದುಕೊಂಡೆ. ವಾರದೊಳಗೆ ಮತ್ತೆ ಬಂದ, ಮತ್ತೊಂದು ಹಾಕಿದೆ. ಮೂರನೆಯ ಸಲ ಅವನ ಮುಖ ಕಂಡು ನಾಚಿಕೆಯಾಯಿತು. ಆಗ ಏರ್ ಫಿಲ್ಟರ್ ತೆರೆದೆ. ಧೂಳು ತುಂಬಿ ಕಟ್ಟಿಹೋಗಿತ್ತು.

ಪೆಟ್ರೋಲು ಪೂರ್ತಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಗಾಳಿ ಸಾಲದಿದ್ದರೆ ಮಸಿ ಕಟ್ಟುತ್ತದೆ. ಕಿಡಿಯಾಗಿ ಹಾರಬೇಕಾದ ವಿದ್ಯುತ್ತು ಆ ಮಸಿಯ ಮೂಲಕ ಸೋರಿಹೋಗುತ್ತದೆ.

ಗುರುತು ಇಷ್ಟೇ: ಒಣ ಕಪ್ಪಾದರೆ ಸಾಮಾನ್ಯವಾಗಿ ಪೆಟ್ರೋಲು ಹೆಚ್ಚು, ಎಣ್ಣೆಯ ಜಿಡ್ಡಾದರೆ ಪಿಸ್ಟನ್ ರಿಂಗಿನ ಕಡೆ ನೋಡಿ, ತಿಳಿಗಂದಾದರೆ ಕ್ಷೇಮ. ಮೊದಲು ಫಿಲ್ಟರ್, ಬಳಿಕ ಚೋಕ್, ಆಮೇಲೆ ಕಾರ್ಬುರೇಟರಿನ ಫ್ಲೋಟ್ ಮತ್ತು ಜೆಟ್ ಪರೀಕ್ಷಿಸಿ. ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಇಂಜಿನ್ ಓಡಿಸಬೇಡಿ; ಇಂಥ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಿಷ ಹೆಚ್ಚು, ಅದಕ್ಕೆ ವಾಸನೆಯೂ ಇಲ್ಲ.

ಪ್ಲಗ್ಗು ಇಂಜಿನಿನ ದೂರನ್ನು ತಂದು ಹೇಳುತ್ತದೆ. ದೂರು ಹೇಳಿದವನನ್ನೇ ಕೆಲಸದಿಂದ ತೆಗೆದರೆ ದೂರು ತೀರುವುದೇ? ಇದು ನಮಗೆ ತಿಳಿಯದ ಮಾತಲ್ಲ. ಆ ತಮ್ಮನಿಗೆ ಎರಡು ಪ್ಲಗ್ಗಿನ ದುಡ್ಡನ್ನು ಹಿಂದಿರುಗಿಸಿದೆ.