ಬೀದರಿನ ಎರಡು ಪಂಗಡಗಳು

ಹುಮನಾಬಾದಿನ ಬಳಿಯ ಹುಡಗಿಯಿಂದ ಬೀದರಿಗೆ ಹೋದವರು ಮಹಮೂದ್ ಗವಾನನ ಮದರಸವನ್ನು ನೋಡದೆ ಹಿಂದಿರುಗುವುದು ವಿರಳ. 1472ರಲ್ಲಿ ಮುಗಿದ ಆ ಕಟ್ಟಡವನ್ನು ಕಟ್ಟಿಸಿದವನ ಕಥೆಯನ್ನು ಈ ಹೊತ್ತು ನೆನೆಯೋಣ.

ಒಂದೇ ಮತದವರಲ್ಲಿ ಒಗ್ಗಟ್ಟು ತಾನಾಗಿಯೇ ಇರುವುದೆಂದು ನಾವು ಭಾವಿಸುವುದುಂಟು. ಬಹಮನೀ ರಾಜ್ಯದ ಮುಸಲ್ಮಾನರಲ್ಲಿ ಹಾಗಿರಲಿಲ್ಲ. ತಲೆಮಾರುಗಳಿಂದ ಇಲ್ಲಿ ನೆಲಸಿದ್ದ ದಖ್ಖನಿಗಳೂ ಅವರೊಡನೆ ಹಬಶಿಗಳೂ ಒಂದು ಕಡೆ. ಇರಾನ್ ಮೊದಲಾದ ದೇಶಗಳಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು ಕಡೆ. ತಾನು ಗೀಲಾನಿನಿಂದ ಬಂದವನಾದರೂ ಮಂತ್ರಿ ಗವಾನನು ಅಧಿಕಾರಗಳನ್ನು ಎರಡು ಪಂಗಡಗಳಿಗೂ ಸಮನಾಗಿ ಹಂಚಿದನು. ಹಂಚಿಕೆಯಾಯಿತು, ನಂಬಿಕೆಯಾಗಲಿಲ್ಲ. 1481ರಲ್ಲಿ ವಿರೋಧಿಗಳು ಅವನ ಮುದ್ರೆಯೊತ್ತಿದ ಕಳ್ಳಕಾಗದವೊಂದನ್ನು ಸುಲ್ತಾನ ಮೂರನೆಯ ಮುಹಮ್ಮದನ ಮುಂದಿಟ್ಟರು. ಅವನು ವಿಚಾರಿಸದೆ ಮಂತ್ರಿಯ ತಲೆ ತೆಗೆಸಿದನು. ಕೆಲವೇ ದಶಕಗಳಲ್ಲಿ ರಾಜ್ಯವು ಐದು ಹೋಳಾಯಿತು.

ಆಸ್ಥಾನದಲ್ಲಿ ಆಗದುದು ಪೇಟೆಯಲ್ಲಿಯೂ ಮನೆಯಂಗಳದಲ್ಲಿಯೂ ಮೆಲ್ಲಗೆ ಆಯಿತು. ದಖ್ಖನಿ ಮಾತು ಪಾರಸಿಯ ಪದಗಳನ್ನು ಬರಮಾಡಿಕೊಂಡಿತು; ಬೇಡವೆನ್ನುವುದಕ್ಕೆ ಮರಾಠಿಯ ನೆರೆಯಿಂದ ‘ನಕ್ಕೊ’ ಎಂಬುದನ್ನು ಪಡೆಯಿತು. ಇಂದು ಈ ಸೀಮೆಯಲ್ಲಿ ಆ ಮಾತನ್ನಾಡುವವರ ದನಿ ಕೇಳಿ, ಇವರ ಹಿರಿಯರು ದಖ್ಖನಿಗಳೊ ಆಫಾಕಿಗಳೊ ಎಂದು ಗುರುತಿಸಬಲ್ಲವರಾರು?

ಅಧಿಕಾರವನ್ನು ಸಮನಾಗಿ ಹಂಚುವುದು ನ್ಯಾಯವೇ ಸರಿ. ಆದರೆ ಒಬ್ಬರ ಮಾತು ಮತ್ತೊಬ್ಬರ ನಾಲಗೆಗೆ ಬಂದು ನೆಲಸಿದಲ್ಲದೆ ಪಂಗಡಗಳು ನೆರೆಹೊರೆಯಾಗವು.