ನೆರೆಯೂ ನೆರೆಯವರೂ



ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಎರಡರ್ಥಗಳುಂಟು. ದಂಡೆ ಮೀರಿ ಬರುವ ಪ್ರವಾಹವೂ ನೆರೆಯೇ, ಪಕ್ಕದ ಮನೆಯೂ ನೆರೆಯೇ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಜನರು ಈ ಎರಡರ್ಥಗಳನ್ನೂ ಒಮ್ಮೆಗೇ ಕಂಡರು.

ಖಾನಾಪುರ ತಾಲೂಕಿನ ಪಡುವಣ ಭಾಗವು ಸಹ್ಯಾದ್ರಿಯ ದಟ್ಟಡವಿ. ಅಲ್ಲಿಯ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರು ಎತ್ತರದಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರ ಪಟ್ಟಣದ ಮಗ್ಗುಲಲ್ಲಿಯೇ ಹಾಯ್ದು, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ಬಸವಣ್ಣನವರ ಐಕ್ಯಸ್ಥಳವನ್ನು ಮುಟ್ಟುವ ನೀರೆಂದು ಭಕ್ತರಿಗೆ ಆಕೆಯ ಮೇಲೆ ವಿಶೇಷ ಮಮತೆ. ಆ ವರ್ಷ ಘಟ್ಟದ ಮೇಲೆ ಮಳೆಗಾಳಿಯು ಬಿಡುವಿಲ್ಲದೆ ಹೊಡೆಯಲು, ಆ ತಾಯಿಯೇ ದಂಡೆಯ ಮನೆಗಳನ್ನು ಹೊಕ್ಕಳು. ಬೆಳಗಾವಿ ನಗರದ ತಗ್ಗಿನ ಬಡಾವಣೆಗಳಲ್ಲಿಯೂ ನೀರು ನಿಂತಿತು. ಬಳ್ಳಾರಿ ನಾಲೆಯು ಉಕ್ಕಿ ಸುತ್ತಣ ಹೊಲಗಳನ್ನು ಮುಳುಗಿಸಿತು.

ಸೇನೆಯವರೂ ವಿಪತ್ತು ದಳದವರೂ ದೋಣಿಗಳನ್ನು ತಂದು ಜನರನ್ನು ಬದುಕಿಸಿದರು. ಅದು ಬಲ್ಲವರ ಕೆಲಸ. ಈಜು ಬಾರದ ಉತ್ಸಾಹಿಯು ನೀರಿಗಿಳಿದರೆ ಕಾಯಬೇಕಾದ ಜೀವ ಇನ್ನೊಂದು ಹೆಚ್ಚುವುದಷ್ಟೆ. ನೆರೆಯವರ ಕೆಲಸವು ಬಹುಮಟ್ಟಿಗೆ ನೀರಿಳಿದ ಮೇಲಿನದು.

ಇದನ್ನು ಈ ನಾಡಿನ ತಾಯಂದಿರು ಚೆನ್ನಾಗಿ ಅರಿತಿದ್ದರು. ಮನೆಗಳಲ್ಲಿಯೂ ಮಠಗಳಲ್ಲಿಯೂ ಬಡಿದ ಜೋಳದ ರೊಟ್ಟಿಗಳು ಕಟ್ಟುಕಟ್ಟಾಗಿ ನೊಂದವರ ಕಡೆಗೆ ಹೊರಟವು. ಅನ್ನವು ಸಂಜೆಗೆ ಹಳಸುವುದು. ಖಡಕ್ ರೊಟ್ಟಿಯು ದಿನಗಟ್ಟಲೆ ಕೆಡದು. ಒಲೆ ಕರಗಿಹೋದ ಮನೆಯಲ್ಲಿಯೂ ಶೇಂಗಾ ಚಟ್ನಿಯೊಡನೆ ಅದು ಊಟವಾಗುವುದು. ಉಣ್ಣುವವರ ಸ್ಥಿತಿಯನ್ನು ನೆನೆದು ಕೊಟ್ಟ ಪದಾರ್ಥವದು. ಹರಿದ ಅರಿವೆಗಳ ಗಂಟು ಹಾಗಲ್ಲ. ಅಟ್ಟ ಬರಿದಾಯಿತೆಂಬ ಸಮಾಧಾನ ಕೊಟ್ಟವರಿಗೆ, ಆರಿಸಿ ಒಗೆಯುವ ತೊಂದರೆ ಪಡೆದವರಿಗೆ! ದಾನದಲ್ಲಿ ಕೊಡುವವನ ಕೈ ಮೇಲಿರುವುದು. ದಾಸೋಹದಲ್ಲಿ ಕೊಡುವವನೇ ದಾಸನು.

ಈ ಪ್ರಾಂತದ ಹಳೆಯ ಮನೆಗಳನೇಕವು ಮಣ್ಣಿನ ಗೋಡೆಯವು, ಹೆಂಚು ಹೊದಿಸಿದವು. ಸುಡದ ಮಣ್ಣು ಬುಡದಲ್ಲಿ ನೆನೆದು ಮೆತ್ತಗಾದರೆ ಮೇಲಿನ ಭಾರವನ್ನು ತಾಳದೆ ಕುಸಿಯುವುದು. ಮಳೆ ನಿಂತ ಎರಡು ಮೂರು ದಿನಗಳ ಮೇಲೆಯೂ ಕುಸಿಯಬಹುದು. ಆದುದರಿಂದ ಸಲಿಕೆ ಹಿಡಿದು ಬಂದ ಸ್ವಯಂಸೇವಕನು ಮೊದಲು ಗೋಡೆಗೆ ಆಸರೆಯ ಕಂಬ ಕೊಡಿಸಿ ಅನಂತರ ಒಳಹೋಗತಕ್ಕದ್ದು. ಬಿದ್ದ ಗೋಡೆಯನ್ನು ಪಂಚನಾಮೆಗೆ ಮೊದಲೇ ಎತ್ತಿ ಹಾಕುವುದೂ ಉಪಕಾರವಲ್ಲ. ಆ ವರ್ಷ ಸರಕಾರವು ತತ್ಕಾಲದ ವೆಚ್ಚಕ್ಕೆಂದು 10,000 ರೂಪಾಯಿಗಳನ್ನೂ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನೂ ಗೊತ್ತುಮಾಡಿತ್ತು. ಬಿದ್ದ ಗುರುತೇ ಅಳಿದರೆ ಬಡವನು ಅಧಿಕಾರಿಗೆ ತೋರಿಸುವುದೇನನ್ನು? ಕಾಗದಪತ್ರಗಳು ತೊಯ್ದುಹೋದ ಮುದುಕಿಯ ಪಕ್ಕದಲ್ಲಿ ಕುಳಿತು ಅರ್ಜಿ ಬರೆದುಕೊಡುವ ವಿದ್ಯಾರ್ಥಿಯ ಸೇವೆಯು ಗುದ್ದಲಿಯ ಸೇವೆಗೆ ಕಡಮೆಯಾದುದಲ್ಲ. ಖಾನಾಪುರದ ಕಡೆಗೆ ಆಕೆ ಮರಾಠಿಯಲ್ಲಿ ಹೇಳಬಹುದು, ಆತನು ಕನ್ನಡದಲ್ಲಿ ಬರೆಯಬಹುದು. ಹೊಳೆಯು ಭಾಷೆಯನ್ನು ವಿಚಾರಿಸಿ ಮನೆ ಹೊಕ್ಕಿರಲಿಲ್ಲ.

ಮೊದಲ ವಾರದಲ್ಲಿ ಕಿಕ್ಕಿರಿದ ಸಹಾಯಕರು ಮೂರನೆಯ ವಾರಕ್ಕೆ ವಿರಳರಾಗುವುದು ಎಲ್ಲೆಡೆಯೂ ಕಂಡುಬರುವ ಮಾತು. ಗೋಡೆಯಾದರೋ ಅಷ್ಟರಲ್ಲಿ ಒಣಗದು. 2019ರ ಅಕ್ಟೋಬರದಲ್ಲಿ, ದೀಪಾವಳಿಗೆ ಕೆಲವೇ ದಿನಗಳ ಮುಂಚೆ, ಈ ಸೀಮೆಯಲ್ಲಿ ಮತ್ತೆ ದೊಡ್ಡ ಮಳೆ ಸುರಿದು ಅರೆ ಒಣಗಿದ ಗೋಡೆಗಳು ಪುನಃ ನೆನೆದವು. ಆಗ ಕಂಬ ಹಿಡಿಯಲು ಕೈಗೆಟಕುವಷ್ಟು ಹತ್ತಿರವಿದ್ದವರು ಪಕ್ಕದ ಮನೆಯವರೇ.